ಗಂಟು ಬೀಳದ ನೂಲು

ಬನಹಟ್ಟಿಯೊಳಗ ಸದ್ದಿಲ್ಲದ ಹೊತ್ತು ಅಂದ್ರ
ಕರೆಂಟ್ ಹೋದ ಹೊತ್ತು.
ಕರೆಂಟ್ ಇದ್ರ ಓಣಿತುಂಬ ಮಗ್ಗ,
ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ಸೈತ ನಡಗತಿರತೈತಿ.
ಕರೆಂಟ್ ಹೋದ್ರ ಕಿವಿ ತೆರಿತಾವು,
ಆದ್ರ ಆಂಪ್ಲಿಫೈಯರ್ ಕಣ್ಣು ಮುಚ್ಚಿರತೈತಿ.

ನನ್ನ ಹತ್ರ ಇರೂದು ಒಂದೇ ಕ್ಯಾಸೆಟ್.
ಚಿಗವ್ವ ಬಂಗಾರೆವ್ವ
ಕಂದೀಲಿನ ಬೆಳಕಿಗೆ ಕಂಡಿಕಿ ಸುತ್ತಕೋತ ಹಾಡಿದ್ದು;
ಯಾರದೋ ಶೆಲ್ಲಿನ ಟೇಪು, ಯಾವದೋ ಕತ್ತಲ ರಾತ್ರಿ.
ದಸ್ತಗೀರ ಅದನ್ನ ಕಂಪ್ಯೂಟರಿಗೆ ಇಳಿಸಿಕೊಟ್ಟ.
ಸಾಂಗಲಿಯಿಂದ ತಂದ ಹಳೇ ಆಂಪ್ಲಿಫೈಯರಿಗೆ
ತಾಮ್ರದ ತಂತಿ ಚುಚ್ಚಿದ:
ಹಾಡಿಗಿಂತ ಮೊದಲ ಬಂತು ಗುಂಯ್‌ ಅನ್ನೂ ಸದ್ದು,
ಬೆಲ್ಲದ ಡಬ್ಬಿ ತೆರದಾಗ ಬರೂ ನೊಣದ ಹಂಗ.

"ಅದರ ಅರ್ಥಿಂಗ್ ಬ್ಯಾರೆ, ಇದರ ಅರ್ಥಿಂಗ್ ಬ್ಯಾರೆ.
ನಡುವ ತಾಮ್ರ ಇಟ್ರ
ಬಂದಾರ, ಸೀಮಿ ಜಗಳ ಸುರು" ಅಂದ.
ಮರುವಾರ ತಂದದ್ದು ಕರೀ ದಾರ,
ತುದಿಗೆ ಚೌಕಾಕಾರದ ಮೂಗು.
"ಇದರೊಳಗ ಕರೆಂಟ್ ಹರಿಯೂದಿಲ್ಲ ಕಾಕಾ, ಬೆಳಕು."

ನಾನು ಹೆಬ್ಬಟ್ಟು ತೋರಬಟ್ಟಿನ ನಡುವ ಹೊಸದೆ.
ಎಷ್ಟನೇ ನಂಬರಿನ ನೂಲಪಾ ಇದು?
ನಕ್ಕ. "ನಂಬರ್ ಇಲ್ಲ. ಜಗ್ಗಿ ಮಡಚಬ್ಯಾಡ್ರಿ.
ಕಡದರ ಗಂಟು ಹಾಕಾಕ ಬರೂದಿಲ್ಲ."

ಗಂಟು ಬೀಳದ ನೂಲು!
ನಲವತ್ತು ವರ್ಷ ಕಡದ ಎಳಿ ಹುಡುಕಿ ಕಟ್ಟಿದ ಬಟ್ಟು ಇವು;
ನನಗ ಅದರ ಮ್ಯಾಲ ಭರವಸಿ ಬರಲಿಲ್ಲ.

ಚುಚ್ಚಿದ. ಸದ್ದಿಲ್ಲ.
ಕಂಪ್ಯೂಟರಿನೊಳಗ ಹುಡುಕಿದ:
ಸದ್ದು ಟೀವಿ ತಂತಿ ಹಿಡಕೊಂಡು ಹೊಂಟಿತ್ತು, ಟೀವಿ ಬಂದ್ ಇತ್ತು.
ಡಿಜಿಟಲ್ ದಾರಿಗೆ ತಿರುಗಿಸಿದ.
ಆದ್ರೂ ಸದ್ದಿಲ್ಲ.
ಕಸ್ತೂರೆವ್ವ ಚಾ ಇಟ್ಟು ಹೋದ್ಳು, ಚಾ ಆರಿತು.
ಕಡೀಕ ಆಕಿನ ಬಂದು ಬಗ್ಗಿ ನೋಡಿದ್ಳು:
"ಮೂಗಿಗೆ ಟೊಪ್ಪಿಗಿ ಹಾಂಗ ಐತೆಲ್ಲೊ!"
ತುದಿಮ್ಯಾಲ ಅಕ್ಕಿಕಾಳಿನಷ್ಟು ಪ್ಲಾಸ್ಟಿಕ್,
ನೀರಿನಂಗ ತಿಳಿ; ಕನ್ನಡಕಕ್ಕ ಸಿಕ್ಕಿರಲಿಲ್ಲ.
ಕಿತ್ತಿದ್ದಕ್ಕ ನನ್ನ ಅಂಗೈಮ್ಯಾಲ
ಕೆಂಪು ಚುಕ್ಕಿ ಬಿತ್ತು.
ಬಿಸಿ ಇಲ್ಲ, ತೂಕ ಇಲ್ಲ.
ಚಿಗವ್ವ ಈಗ ಇಲ್ಲಿಂದ ಹಾಯಬೇಕು.

ಅವತ್ತ ಕೇಳಲಿಲ್ಲ. ಹೊರಗ ಮಗ್ಗ.
ಇನ್ವರ್ಟರಿಗೆ ಎರಡೂ ಪೆಟ್ಟಿಗಿ ಜೋಡಿಸಿ ಕಾದ್ವಿ.
ಊರೆಲ್ಲ ಬೈಯೂ ಕರೆಂಟಿನವರನ್ನ
ನಾವು ಮೂರು ಮಂದಿ ಹಾದಿ ನೋಡಿದಂಗ
ಯಾರೂ ನೋಡಿರಲಿಕ್ಕಿಲ್ಲ.

ಮಂಗಳವಾರ, ರಾತ್ರಿ ಒಂಬತ್ತೂಕಾಲು.
ಮಗ್ಗ ಒಂದೊಂದ ಉಸಿರು ಬಿಟ್ಟು ನಿಂತ್ವು.
ಗುಂಯ್ ಇಲ್ಲ. ಟೇಪಿನ ಸೊಂಯ್ ಅಷ್ಟ,
ಹಿಟ್ಟು ಜರಡಿ ಹಿಡದಂಗ.
ರಾಟಿ ತಿರಗತೈತಿ, ಚಿಗವ್ವ ಹಾಡತಾಳ,
ಎರಡನೇ ನುಡಿಯೊಳಗ ತಟ್ಟನ ನಿಲ್ಲತಾಳ.

ಇದು ನನಗ ಗೊತ್ತಿತ್ತು. ಯಾವತ್ತೂ ಇಲ್ಲಿ ಟೇಪು ಹಾಳಾಗೇತಿ
ಅಂತ ತಿಳದಿದ್ದೆ. ಗುಂಯ್ ಅನ್ನೂದು ಬಂದು
ಆ ಜಾಗಾ ತುಂಬತಿತ್ತು.

ಇವತ್ತ ಜಾಗಾ ಖಾಲಿ ಇತ್ತು.
ಖಾಲಿಯೊಳಗ: ಬಳಿ ಮೊಣಕೈಗೆ ಸರದದ್ದು.
ತುಟಿಗೆ ಬಟ್ಟು ಹಚ್ಚಿದ್ದು.
"ಕಡೀತು ನೋಡ," ಯಾರಿಗೋ, ಸಣ್ಣಗ.
ಎಳಿಗೆ ಎಳಿ ಹೊಸದ ಸದ್ದು;
ಅದಕ್ಕ ಸದ್ದು ಇರತೈತಿ ಅಂತ
ನಲವತ್ತು ವರ್ಷ ಅದನ್ನ ಮಾಡಿದ ನನಗ ಗೊತ್ತಿರಲಿಲ್ಲ.
ಆಮ್ಯಾಲ ರಾಟಿ. ಆಮ್ಯಾಲ ಹಾಡು, ಬಿಟ್ಟ ಅಕ್ಷರದಿಂದ.

"ಕಾಕಾ, ಆ ಖಾಲಿ ಜಾಗಾ ತಗದು
ಎರಡೂ ತುದಿ ಕೂಡಸ್ಲಿ? ಎರಡ ನಿಮಿಷದ ಕೆಲಸ."
ಬ್ಯಾಡೋ. ಆಕಿ ಕೂಡಿಸ್ಯಾಳ.

ಅಷ್ಟರಾಗ ಕರೆಂಟ್ ಬಂತು.
ಬಾಜೂ ಮನಿ ಮಗ್ಗ ಸುರುವಾತು, ಆಮ್ಯಾಲ ಅದರಾಚಿದು,
ಆಮ್ಯಾಲ ಓಣಿ.
ದನಿ ಹೆಚ್ಚ ಮಾಡಾಕ ಹೋದ ದಸ್ತಗೀರನ ಕೈ ಹಿಡದೆ.

ಆ ಟೊಪ್ಪಿಗಿ ಕಸ್ತೂರೆವ್ವನ ಸೂಜಿ ಡಬ್ಬಿಯೊಳಗ ಐತಿ.
ಯಾತಕ್ಕಂತ ಕೇಳಿದ್ರ,
"ಇರ್ಲಿ ಬಿಡ್ರಿ" ಅಂತಾಳ.